ಎರಡು ಮದ್ದು, ಒಂದೇ ಮಾತ್ರೆ: ನಿಟ್ಟೆಯ ಹಾಸ್ಟೆಲ್ ರೂಮಿನ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಯಾರು?

‘ಇದನ್ನೂ ಅದನ್ನೂ ಒಟ್ಟಿಗೆ ತಗೊಂಡ್ರೆ ಎಂತ ತೊಂದರೆ ಇಲ್ವಾ?’

ಕಾಲೇಜು ಹಾಸ್ಟೆಲ್‌ನಲ್ಲಿದ್ದವರಿಗೆ ಈ ಪ್ರಶ್ನೆ ಹೊಸತಲ್ಲ. ಒಂದು ಖಿನ್ನತೆಯ ಮಾತ್ರೆ, ಇನ್ನೊಂದು ಆತಂಕದ ಮಾತ್ರೆ. ಪ್ರಶ್ನೆ ಹೋಗುವುದು ರೂಮ್‌ಮೇಟ್ ಹತ್ತಿರ, ಇಲ್ಲವೇ ಮೊಬೈಲ್ ಹತ್ತಿರ. ಡಾಕ್ಟರ ಹತ್ತಿರ ಹೋಗುವುದು ಕೊನೆಗೆ, ಎಷ್ಟೋ ಸಲ ಹೋಗುವುದೇ ಇಲ್ಲ.

ಒಬ್ಬ ವಿದ್ಯಾರ್ಥಿನಿಯನ್ನು ಕಲ್ಪಿಸಿಕೊಳ್ಳಿ. ಊರು ಹಾವೇರಿಯೋ ಕಲಬುರಗಿಯೋ ಇರಲಿ, ಓದು ಕಾರ್ಕಳದ ಪಕ್ಕದ ನಿಟ್ಟೆಯಲ್ಲಿ. ರಜೆಗೆ ಮನೆಗೆ ಹೋದಾಗ ಅಲ್ಲಿನ ಡಾಕ್ಟರು ಖಿನ್ನತೆಗೆ ಒಂದು ಮಾತ್ರೆ ಬರೆದಿದ್ದಾರೆ. ಸೆಮಿಸ್ಟರ್ ಪರೀಕ್ಷೆ ಹೊತ್ತಿಗೆ ನಿದ್ದೆ ಇಲ್ಲ, ಎದೆ ಡವಡವ. ಇಲ್ಲಿನ ಇನ್ನೊಬ್ಬ ಡಾಕ್ಟರು ಇನ್ನೊಂದು ಮಾತ್ರೆ ಬರೆಯುತ್ತಾರೆ. ಬೆನ್ನುನೋವಿಗೆ ಮೂರನೆಯವರು ಮೂರನೆಯದನ್ನು ಕೊಡುತ್ತಾರೆ. ಮೂರೂ ಚೀಟಿ ಒಟ್ಟಿಗೆ ನೋಡಿದವರು ಯಾರು? ಆ ಹುಡುಗಿ ಮಾತ್ರ. ಅವಳು ಓದುತ್ತಿರುವುದು ಎಂಜಿನಿಯರಿಂಗ್, ಔಷಧಶಾಸ್ತ್ರ ಅಲ್ಲ.

ಇದು ಕಲ್ಪನೆ. ಆದರೆ ಇದನ್ನು ಸಾಧ್ಯವಾಗಿಸಿರುವ ವ್ಯವಸ್ಥೆ ನಿಜ. ಇವೆರಡನ್ನು ಒಟ್ಟಿಗೆ ತೆಗೆದುಕೊಳ್ಳುವುದು ಸುರಕ್ಷಿತವೇ ಅನ್ನುವ ಪ್ರಶ್ನೆ ವೈದ್ಯಕೀಯದ್ದು ಅಂತ ಕಾಣುತ್ತದೆ. ಸ್ವಲ್ಪ ಕೆದಕಿದರೆ ಅದು ಕಾನೂನು, ಮಾರುಕಟ್ಟೆ ಮತ್ತು ಸರ್ಕಾರಕ್ಕೆ ಹಾಕಬೇಕಾದ ಪ್ರಶ್ನೆಯೂ ಹೌದು.

ಮೊದಲು ನೇರ ಉತ್ತರ

ಎರಡನ್ನೂ ಒಟ್ಟಿಗೆ ಕೊಡುವುದು ತನ್ನಷ್ಟಕ್ಕೇ ತಪ್ಪಲ್ಲ. ಪ್ರಪಂಚದಾದ್ಯಂತ ಮನೋವೈದ್ಯರು ಯೋಚಿಸಿಯೇ ಕೊಡುತ್ತಾರೆ. ಕಾರಣ ಸರಳ. ಎಸ್ಸಿಟಾಲೊಪ್ರಾಮ್, ಸರ್ಟ್ರಲೀನ್, ಫ್ಲೂಕ್ಸೆಟಿನ್ ಥರದ ಖಿನ್ನತೆಯ ಮದ್ದುಗಳು ತಗೊಂಡ ದಿನವೇ ಕೆಲಸ ಮಾಡುವುದಿಲ್ಲ. ಗುಣ ಕಾಣಲು ಎರಡರಿಂದ ಆರು ವಾರ ಬೇಕು. ಶುರುವಿನ ಕೆಲವು ದಿನ ಕೆಲವರಿಗೆ ಆತಂಕ, ಚಡಪಡಿಕೆ ಇನ್ನೂ ಹೆಚ್ಚಾಗುವುದೂ ಉಂಟು. ಆ ಮಧ್ಯದ ದಿನಗಳನ್ನು ದಾಟಿಸಲು ಕ್ಲೊನಾಜೆಪಾಮ್‌ನಂಥ ಬೆಂಜೊಡಯಾಜೆಪೈನ್ ಗುಂಪಿನ ಮದ್ದನ್ನು ಕೊಡುತ್ತಾರೆ. ಅದು ಗಂಟೆಯೊಳಗೆ ಮಂಡೆ ತಣ್ಣಗೆ ಮಾಡುತ್ತದೆ.

ಅಂದರೆ ಎರಡನೆಯದು ಸೇತುವೆ. ಹೊಳೆ ದಾಟಿದ ಮೇಲೆ ಇಳಿಯಬೇಕು. ಈ ಬಗ್ಗೆ ನಡೆದ ಪ್ರಯೋಗಗಳನ್ನೆಲ್ಲ ಒಟ್ಟು ಹಾಕಿ ನೋಡಿದ ಕಾಕ್ರೇನ್ ವಿಮರ್ಶೆ 2019ರಲ್ಲಿ ಬಂತು. ಖಿನ್ನತೆಯಲ್ಲಿ ಎರಡೂ ಮದ್ದು ಸೇರಿಸಿ ಕೊಟ್ಟಾಗ ಮೊದಲ ನಾಲ್ಕು ವಾರ ಲಾಭ ಕಂಡಿತು, ಆಮೇಲೆ ಆ ಲಾಭ ಉಳಿಯಲಿಲ್ಲ ಅನ್ನುವುದು ಅದರ ಸಾರ. ವಿಶ್ವ ಆರೋಗ್ಯ ಸಂಸ್ಥೆಯ 2023ರ ಮಾರ್ಗಸೂಚಿ ಇನ್ನೂ ಕಟ್ಟುನಿಟ್ಟು. ವಯಸ್ಕರ ಆತಂಕ ಕಾಯಿಲೆಗೆ ಬೆಂಜೊಡಯಾಜೆಪೈನ್ ಬೇಡ, ತುರ್ತು ಇದ್ದರೆ ಕೆಲವೇ ದಿನ ಅನ್ನುತ್ತದೆ ಅದು.

ನಮ್ಮಲ್ಲಿ ಆಗುವುದೇ ಬೇರೆ. ಸೇತುವೆ ಮೇಲೆಯೇ ಮನೆ ಕಟ್ಟಿಕೊಳ್ಳುತ್ತೇವೆ. ಚೀಟಿಯಲ್ಲಿ ‘15 ದಿನ’ ಅಂತ ಇದ್ದದ್ದು ಅದೇ ಚೀಟಿ ತೋರಿಸಿ ತೋರಿಸಿ 15 ತಿಂಗಳಾಗುತ್ತದೆ. ದೇಹ ಒಗ್ಗಿಕೊಳ್ಳುತ್ತದೆ, ಅದೇ ಡೋಸಿಗೆ ನಿದ್ದೆ ಬರುವುದಿಲ್ಲ, ನೆನಪು ಮಂಕಾಗುತ್ತದೆ. ಹೆದರಿ ಒಂದು ದಿನ ದಿಢೀರ್ ನಿಲ್ಲಿಸಿದರೆ ನಡುಕ, ನಿದ್ರಾಹೀನತೆ, ಮೊದಲಿಗಿಂತ ಜಾಸ್ತಿ ಆತಂಕ. ಕೆಲವರಿಗೆ ಫಿಟ್ಸ್ ಕೂಡ ಬರಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಈ ಇಡೀ ಗುಂಪಿನ ಮದ್ದುಗಳ ಮೇಲೆ ಅವಲಂಬನೆ ಮತ್ತು ನಿಲ್ಲಿಸುವಾಗಿನ ಅಪಾಯದ ಬಗ್ಗೆ ತನ್ನ ಅತಿ ಗಂಭೀರ ಎಚ್ಚರಿಕೆ ಹಾಕಿಸಿತು.

ಜೋಡಿ ಮಾತ್ರೆಯ ರಾಜಕೀಯ

ಭಾರತದಲ್ಲಿ ಇನ್ನೊಂದು ತೊಡಕಿದೆ. ಇಲ್ಲಿ ಎಸ್ಸಿಟಾಲೊಪ್ರಾಮ್ ಮತ್ತು ಕ್ಲೊನಾಜೆಪಾಮ್ ಎರಡನ್ನೂ ಸೇರಿಸಿ ಒಂದೇ ಮಾತ್ರೆ ಮಾಡಿ ಮಾರುತ್ತಾರೆ. ಬೇರೆ ಬೇರೆ ಕಂಪನಿ, ಬೇರೆ ಬೇರೆ ಹೆಸರು, ಒಳಗಿನ ಸರಕು ಒಂದೇ. ರೋಗಿಗೆ ಒಂದೇ ಮಾತ್ರೆ ನುಂಗುವ ಸುಲಭ. ನಿಜ. ಆದರೆ ಯೋಚಿಸಿ: ಮೊದಲನೆಯದನ್ನು ತಿಂಗಳುಗಟ್ಟಲೆ ತಗೊಳ್ಳಬೇಕು, ಎರಡನೆಯದನ್ನು ಕೆಲವು ವಾರಗಳಲ್ಲಿ ನಿಧಾನಕ್ಕೆ ಇಳಿಸಬೇಕು. ಎರಡೂ ಒಂದೇ ಮಾತ್ರೆಯೊಳಗೆ ಇದ್ದರೆ ಒಂದನ್ನು ಮಾತ್ರ ಇಳಿಸುವುದು ಹೇಗೆ? ಅರ್ಧ ಮುರಿದರೆ ಎರಡೂ ಅರ್ಧ. ನಿಲ್ಲಿಸಿದರೆ ಎರಡೂ ಬಂದ್. ಬೇರೆ ಬೇರೆ ಮಾತ್ರೆಗೆ ಬದಲಿಸದೆ ದಾರಿಯಿಲ್ಲ, ಅದಕ್ಕೆ ಮತ್ತೆ ಡಾಕ್ಟರ ಭೇಟಿ ಬೇಕು. ಎಷ್ಟೋ ಜನಕ್ಕೆ ತಾವು ತಗೊಳ್ಳುತ್ತಿರುವುದು ಎರಡು ಮದ್ದು ಅಂತಲೇ ಗೊತ್ತಿರುವುದಿಲ್ಲ. ಹಾಗಾಗಿ ಬೇರೆ ಡಾಕ್ಟರು ‘ಈಗ ಎಂತ ಮಾತ್ರೆ ತಗೊಳ್ತಿದ್ದೀರಿ’ ಅಂತ ಕೇಳಿದರೆ ‘ಟೆನ್ಷನ್ನಿಗೆ ಒಂದು’ ಅನ್ನುತ್ತಾರೆ. ಅದರ ಮೇಲೆ ಇನ್ನೊಂದು ನಿದ್ದೆ ಮಾತ್ರೆ ಸೇರುತ್ತದೆ.

2015ರಲ್ಲಿ ‘ಪ್ಲಾಸ್ ಮೆಡಿಸಿನ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಭಾರತದ ಜೋಡಿ ಮಾತ್ರೆಗಳ ಅನುಮೋದನೆಯ ಇತಿಹಾಸ ಹುಡುಕಿತು. ಖಿನ್ನತೆಯ ಮದ್ದು ಮತ್ತು ಬೆಂಜೊಡಯಾಜೆಪೈನ್ ವರ್ಗದಲ್ಲಿ 16 ಜೋಡಿಗಳು ಸಿಕ್ಕವು. ಅವುಗಳಲ್ಲಿ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆಯ ಅನುಮೋದನೆಯ ದಾಖಲೆ ಇದ್ದದ್ದು 3ಕ್ಕೆ ಮಾತ್ರ. ಹೊಸ ಜೋಡಿಗೆ ಮೊದಲು ಕೇಂದ್ರದ ಒಪ್ಪಿಗೆ ಬೇಕು ಅನ್ನುವುದು ನಿಯಮ. ರಾಜ್ಯಗಳ ಔಷಧ ಇಲಾಖೆಗಳು ತಯಾರಿಕೆಯ ಲೈಸೆನ್ಸ್ ಕೊಟ್ಟುಬಿಟ್ಟಿದ್ದವು ಅನ್ನುವುದು ವಾಸ್ತವ.

ಇದು ಸಂಸತ್ತಿಗೆ ಗೊತ್ತಿರಲಿಲ್ಲ ಅಂತಲ್ಲ. ಆರೋಗ್ಯ ಇಲಾಖೆಯ ಸಂಸದೀಯ ಸ್ಥಾಯಿ ಸಮಿತಿ 2012ರ ಮೇ ತಿಂಗಳಲ್ಲಿ ಕೊಟ್ಟ 59ನೇ ವರದಿಯಲ್ಲಿ ಔಷಧ ನಿಯಂತ್ರಣ ಸಂಸ್ಥೆಯನ್ನು ತರಾಟೆಗೆ ತಗೊಂಡಿತ್ತು. ಅದರಲ್ಲಿ ಹೆಸರಿಸಿದ್ದ ಉದಾಹರಣೆಗಳಲ್ಲಿ ಫ್ಲುಪೆಂಟಿಕ್ಸಾಲ್ ಮತ್ತು ಮೆಲಿಟ್ರಾಸೆನ್ ಜೋಡಿಯೂ ಒಂದು. ಇದೂ ಆತಂಕ, ಖಿನ್ನತೆಗೆ ಕೊಡುವ ಮಾತ್ರೆ. ಹುಟ್ಟಿದ ದೇಶ ಡೆನ್ಮಾರ್ಕಿನಲ್ಲೇ ಅದಕ್ಕೆ ಮಾರಾಟದ ಅನುಮತಿ ಇರಲಿಲ್ಲ, ನಮ್ಮಲ್ಲಿ ಸಲೀಸಾಗಿ ಸಿಗುತ್ತಿತ್ತು. 2013ರ ಜೂನ್‌ನಲ್ಲಿ ಕೇಂದ್ರ ಅದಕ್ಕೆ ತಡೆ ಹಾಕಿತು. 2016ರ ಮಾರ್ಚ್‌ನಲ್ಲಿ ಬೇರೆ ಬೇರೆ ಕಾಯಿಲೆಗಳ 344 ಜೋಡಿಗಳಿಗೆ ನಿಷೇಧ ಬಂತು. ಕಂಪನಿಗಳು ಕೋರ್ಟಿಗೆ ಹೋದವು, ದಿಲ್ಲಿ ಹೈಕೋರ್ಟ್ ನಿಷೇಧ ರದ್ದು ಮಾಡಿತು, ಸುಪ್ರೀಂ ಕೋರ್ಟ್ ಮರುಪರಿಶೀಲನೆಗೆ ಕಳಿಸಿತು. 2018ರಲ್ಲಿ 328 ಜೋಡಿಗಳಿಗೆ ಮತ್ತೆ ನಿಷೇಧ, 2024ರ ಆಗಸ್ಟ್‌ನಲ್ಲಿ ಇನ್ನೂ 156. ಮೊದಲು ಮಾರಾಟ, ವರ್ಷಗಟ್ಟಲೆ ಬಳಕೆ, ಆಮೇಲೆ ವಿಚಾರಣೆ: ನಮ್ಮಲ್ಲಿ ಔಷಧ ನಿಯಂತ್ರಣ ನಡೆದಿರುವ ಕ್ರಮ ಇದು.

ಇದಕ್ಕೆ ಎದುರಾಗಿ ಇನ್ನೊಂದು ಸರ್ಕಾರಿ ದಾಖಲೆ ನೋಡಿ. 2022ರ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿ ಎಸ್ಸಿಟಾಲೊಪ್ರಾಮ್ ಇದೆ, ಕ್ಲೊನಾಜೆಪಾಮ್ ಕೂಡ ಇದೆ. ಬೇರೆ ಬೇರೆಯಾಗಿ. ಜೋಡಿ ಇಲ್ಲ. ಸರ್ಕಾರದ ತಜ್ಞರು ಅಗತ್ಯ ಅಂದದ್ದು ಒಂದು, ಮಾರುಕಟ್ಟೆ ಕೈಗೆ ಕೊಡುವುದು ಇನ್ನೊಂದು.

ಅಪಾಯ ಮೂರನೆಯದರಲ್ಲಿ

ಈ ಎರಡರ ಚರ್ಚೆಯಲ್ಲಿ ಮೂರನೆಯದು ಮರೆತುಹೋಗುತ್ತದೆ. ಡಾಕ್ಟರು ಯೋಚಿಸಿ ಕೊಟ್ಟ ಎರಡು ಮದ್ದಿಗಿಂತ, ಯಾರಿಗೂ ಹೇಳದೆ ಸೇರುವ ಮೂರನೆಯದರಿಂದ ಅಪಾಯ ಹೆಚ್ಚು.

ಮೊದಲನೆಯದು ಹೆಂಡ. ಬೆಂಜೊಡಯಾಜೆಪೈನ್ ಜೊತೆ ಮದ್ಯ ಸೇರಿದರೆ ಎರಡೂ ಮಿದುಳನ್ನು ಒಂದೇ ದಿಕ್ಕಿಗೆ ಮಂಕು ಮಾಡುತ್ತವೆ. ಉಸಿರಾಟ ನಿಧಾನವಾಗಬಹುದು, ನಿಲ್ಲಲೂಬಹುದು. ವೀಕೆಂಡ್ ಪಾರ್ಟಿಯಲ್ಲಿ ‘ಒಂದೇ ಪೆಗ್ ಮಾರಾಯ’ ಅನ್ನುವಾಗ ಈ ಲೆಕ್ಕ ಯಾರೂ ಹಾಕುವುದಿಲ್ಲ. ಆ ರಾತ್ರಿ ಪಡುಬಿದ್ರಿ ರಸ್ತೆಯಲ್ಲಿ ಬೈಕ್ ಓಡಿಸುವುದಂತೂ ಬೇಡವೇ ಬೇಡ.

ಎರಡನೆಯದು ನೋವಿನ ಮಾತ್ರೆ. ಟ್ರಮಡಾಲ್ ಇಲ್ಲಿ ಎರಡು ಕಡೆ ಕಚ್ಚುತ್ತದೆ. ಬೆಂಜೊಡಯಾಜೆಪೈನ್ ಜೊತೆ ಉಸಿರಾಟಕ್ಕೆ ತೊಂದರೆ. ಖಿನ್ನತೆಯ ಮದ್ದಿನ ಜೊತೆ ಸೆರೊಟೋನಿನ್ ಅತಿಯಾಗುವ ಸ್ಥಿತಿ ಬರಬಹುದು, ಫಿಟ್ಸ್ ಅಪಾಯವೂ ಇದೆ. ಐಬುಪ್ರೊಫೆನ್, ಡೈಕ್ಲೋಫೆನಾಕ್ ಥರದ ಸಾಮಾನ್ಯ ನೋವಿನ ಮಾತ್ರೆಗಳೂ ಖಿನ್ನತೆಯ ಮದ್ದಿನ ಜೊತೆ ಸೇರಿದರೆ ಹೊಟ್ಟೆಯೊಳಗೆ ರಕ್ತಸ್ರಾವದ ಸಾಧ್ಯತೆ ಹೆಚ್ಚು.

ಮೂರನೆಯದು ನಿರುಪದ್ರವಿ ಅಂತ ಕಾಣುವವು. ಕೆಲವು ಕೆಮ್ಮಿನ ಸಿರಪ್‌ಗಳಲ್ಲಿರುವ ಡೆಕ್ಸ್ಟ್ರೊಮೆಥಾರ್ಫಾನ್ ಕೂಡ ಸೆರೊಟೋನಿನ್ ಏರಿಸುತ್ತದೆ. ತಲೆನೋವಿಗೆ, ನರನೋವಿಗೆ ಅಂತ ಕೊಡುವ ಅಮಿಟ್ರಿಪ್ಟಿಲಿನ್ ಕೂಡ ಖಿನ್ನತೆಯದೇ ಹಳೆಯ ಮದ್ದು. ಫ್ಲೂಕ್ಸೆಟಿನ್ ಜೊತೆಗಿದ್ದರೆ ಅದರ ಪ್ರಮಾಣ ರಕ್ತದಲ್ಲಿ ಏರುತ್ತದೆ. ‘ಆಯುರ್ವೇದ ಅಲ್ವಾ, ಎಂತ ಆಗುದಿಲ್ಲ’ ಅಂತ ತಗೊಳ್ಳುವ ಅಶ್ವಗಂಧ ಕೂಡ ಮಂಪರು ಹೆಚ್ಚಿಸಬಹುದು. ಅದನ್ನೂ ಡಾಕ್ಟರಿಗೆ ಹೇಳಬೇಕು.

ವಿಪರೀತ ಬೆವರು, ನಡುಕ, ಭೇದಿ, ಜ್ವರ, ಎದೆ ವೇಗವಾಗಿ ಬಡಿದುಕೊಳ್ಳುವುದು, ಕೈಕಾಲು ಸೆಟೆತ, ಗೊಂದಲ: ಹೊಸ ಮದ್ದು ಸೇರಿಸಿದ ಮೇಲೆ ಇವು ಒಟ್ಟಿಗೆ ಕಂಡರೆ ಅದು ‘ಟೆನ್ಷನ್’ ಅಲ್ಲ. ಎಬ್ಬಿಸಿದರೂ ಏಳದಷ್ಟು ನಿದ್ದೆ, ನಿಧಾನವಾದ ಉಸಿರು ಕಂಡರೂ ಅಷ್ಟೇ. ಬೆಳಗಿನವರೆಗೆ ಕಾಯದೆ ತುರ್ತು ವಿಭಾಗಕ್ಕೆ ಹೋಗಿ. ಮಾತ್ರೆಗಳ ಪಟ್ಟಿಯನ್ನೂ ಕೈಯಲ್ಲಿ ಹಿಡಿದುಕೊಂಡೇ ಹೋಗಿ.

ನಮ್ಮ ಓದುಗರಿಗೆ ನೇರ ಸಂಬಂಧಪಟ್ಟ ಇನ್ನೊಂದು ಮಾತು. 25 ವರ್ಷದ ಒಳಗಿನವರಲ್ಲಿ ಖಿನ್ನತೆಯ ಮದ್ದು ಶುರು ಮಾಡಿದ ಅಥವಾ ಡೋಸ್ ಬದಲಿಸಿದ ಮೊದಲ ವಾರಗಳಲ್ಲಿ ಆತ್ಮಹತ್ಯೆಯ ಯೋಚನೆ ಹೆಚ್ಚಾಗಬಹುದು ಅನ್ನುವ ಎಚ್ಚರಿಕೆ ಅಮೆರಿಕದಲ್ಲಿ 2007ರಿಂದ ಆ ಮದ್ದುಗಳ ಲೇಬಲ್ ಮೇಲೆಯೇ ಇದೆ. ಮದ್ದು ಬೇಡ ಅಂತ ಇದರ ಅರ್ಥ ಅಲ್ಲ. ಆ ವಾರಗಳಲ್ಲಿ ಒಬ್ಬರೇ ಇರಬಾರದು, ಡಾಕ್ಟರ ಜೊತೆ ಸಂಪರ್ಕ ತಪ್ಪಬಾರದು ಅಂತ.

ನಿಟ್ಟೆಯಿಂದ ನೋಡಿದರೆ

ನಿಟ್ಟೆಯನ್ನೇ ಯಾಕೆ ತಗೊಂಡೆ? ಕರಾವಳಿಯ ವಿರೋಧಾಭಾಸ ಇಲ್ಲಿ ಕಣ್ಣಿಗೆ ಹೊಡೆಯುವಂತೆ ಕಾಣುತ್ತದೆ. ಕಾರ್ಕಳ–ಪಡುಬಿದ್ರಿ ರಸ್ತೆಯ ಈ ಹಳ್ಳಿಗೆ 1986ರಲ್ಲಿ ಎಂಜಿನಿಯರಿಂಗ್ ಕಾಲೇಜು ಬಂತು. ಇವತ್ತು ಬೇರೆ ಬೇರೆ ಜಿಲ್ಲೆ, ರಾಜ್ಯಗಳ ಮಕ್ಕಳು ಇಲ್ಲಿ ಓದುತ್ತಾರೆ. ಒಂದು ಕಡೆ ಮಣಿಪಾಲ, ಅಲ್ಲಿ 1953ರಿಂದ ಕಸ್ತೂರ್ಬಾ ಮೆಡಿಕಲ್ ಕಾಲೇಜು. ಉಡುಪಿಯ ದೊಡ್ಡಣಗುಡ್ಡೆಯಲ್ಲಿ ಮಾನಸಿಕ ಚಿಕಿತ್ಸೆಗೆ ಹೆಸರಾದ ಡಾ. ಎ.ವಿ. ಬಾಳಿಗಾ ಸ್ಮಾರಕ ಆಸ್ಪತ್ರೆ. ಇನ್ನೊಂದು ಕಡೆ ಮಂಗಳೂರಿನ ಸಾಲು ಸಾಲು ಮೆಡಿಕಲ್ ಕಾಲೇಜುಗಳು. ದೇಶದಲ್ಲಿ ಲಕ್ಷ ಜನಕ್ಕೆ 0.75 ಮನೋವೈದ್ಯರು ಅನ್ನುವ ಸರಾಸರಿ ಇರುವಾಗ ನಾವು ಅದೃಷ್ಟವಂತರೇ.

ಆದರೂ ವಾರದ ದಿನ ಕ್ಲಾಸ್ ಬಿಟ್ಟು, ಬಸ್ ಹತ್ತಿ, ಕ್ಯೂ ನಿಂತು, ‘ಮಂಡೆ ಡಾಕ್ಟ್ರ’ ಬಾಗಿಲಲ್ಲಿ ಊರಿನವರು ಯಾರಾದರೂ ಸಿಕ್ಕಿಯಾರೋ ಅಂತ ಹೆದರಿ ಹೋಗಿಬರುವುದು ಸಣ್ಣ ಕೆಲಸ ಅಲ್ಲ. ಮೆಡಿಕಲ್ ಶಾಪ್ ಹತ್ತಿರದಲ್ಲೇ ಇರುತ್ತದೆ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಹೇಳಿದ್ದು ಇದನ್ನೇ: ಕಾಯಿಲೆಗೆ ಅನುಸಾರ ಶೇ 70ರಿಂದ 92ರಷ್ಟು ಜನರಿಗೆ ಚಿಕಿತ್ಸೆ ತಲುಪುತ್ತಲೇ ಇಲ್ಲ. ಚಿಕಿತ್ಸೆಗೂ ಜನಕ್ಕೂ ನಡುವಿನ ಈ ಕಂದಕದಲ್ಲಿ ಹಳೇ ಚೀಟಿ, ಗೆಳೆಯರ ಸ್ಟ್ರಿಪ್ ಮತ್ತು ಅರ್ಧಂಬರ್ಧ ತಿಳಿವಳಿಕೆ ತುಂಬಿಕೊಳ್ಳುತ್ತವೆ.

ಹಾಗಂತ ಕರ್ನಾಟಕಕ್ಕೆ ದಾರಿ ಗೊತ್ತಿಲ್ಲದೇ ಇಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಇಡೀ ದೇಶಕ್ಕೆ ಹೋದದ್ದು 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿಯಲ್ಲಿ ಮಾಡಿದ ಪ್ರಯೋಗದಿಂದ. 2014ರಲ್ಲಿ ರಾಜ್ಯ ‘ಮನೋಚೈತನ್ಯ’ ಶುರು ಮಾಡಿತು, ಮಂಗಳವಾರ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರಬೇಕು ಅನ್ನುವ ಯೋಜನೆ. ಕಾರ್ಕಳದಂಥ ತಾಲೂಕಿಗೆ ಇದು ಸರಿಯಾದ ಮಾದರಿ. ಪ್ರತಿ ವಾರ ಅದೇ ಡಾಕ್ಟರು, ಅದೇ ಕಡತ ಸಿಕ್ಕರೆ ಕ್ಲೊನಾಜೆಪಾಮ್ ಇಳಿಸುವ ಕೆಲಸ ತಾಲೂಕು ಮಟ್ಟದಲ್ಲೇ ಆಗುತ್ತದೆ. ನಮ್ಮ ಜನಪ್ರತಿನಿಧಿಗಳನ್ನು ಕೇಳಬೇಕಾದ ಪ್ರಶ್ನೆ ತುಂಬಾ ಚಿಕ್ಕದು: ಹೋದ ವರ್ಷದ 52 ಮಂಗಳವಾರಗಳಲ್ಲಿ ಎಷ್ಟು ಮಂಗಳವಾರ ಡಾಕ್ಟರು ಬಂದರು? ಮದ್ದು ಎಷ್ಟು ದಿನ ಸ್ಟಾಕ್ ಇತ್ತು? ಮಾಹಿತಿ ಹಕ್ಕಿನ ಒಂದು ಅರ್ಜಿಗೆ ಸಿಗುವ ಉತ್ತರ ಇದು.

ಕಾನೂನು ನಿಮ್ಮ ಕಡೆ ಇದೆ

2018ರ ಮೇ 29ರಂದು ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017 ಈ ವಿಷಯದಲ್ಲಿ ಬಲವಾದ ಅಸ್ತ್ರ. ಕಲಂ 18ರ ಪ್ರಕಾರ ಚಿಕಿತ್ಸೆ ಹಕ್ಕು. ಅಗತ್ಯ ಔಷಧ ಪಟ್ಟಿಯ ಮದ್ದುಗಳು ಸಮುದಾಯ ಆರೋಗ್ಯ ಕೇಂದ್ರ ಮತ್ತು ಅದಕ್ಕಿಂತ ಮೇಲಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಯಾವಾಗಲೂ ಉಚಿತವಾಗಿ ಸಿಗಬೇಕು. ಕಲಂ 22ರಂತೆ ನಿಮ್ಮ ಚಿಕಿತ್ಸೆ ಏನು, ಅದರ ಅಡ್ಡಪರಿಣಾಮ ಏನು ಅಂತ ತಿಳಿಯುವ ಹಕ್ಕು. ಕಲಂ 23 ಗೋಪ್ಯತೆ. ಕಲಂ 25 ನಿಮ್ಮ ವೈದ್ಯಕೀಯ ದಾಖಲೆ ಪಡೆಯುವ ಹಕ್ಕು. ಎರಡು ಮದ್ದು ಒಟ್ಟಿಗೆ ಸುರಕ್ಷಿತವಾಗಿ ತಗೊಳ್ಳಲು ಬೇಕಾದದ್ದು ಇವೇ ನಾಲ್ಕು: ಮದ್ದು, ಮಾಹಿತಿ, ಗುಟ್ಟು, ದಾಖಲೆ.

ಗುಟ್ಟಿನ ವಿಷಯ ಸಣ್ಣದಲ್ಲ. ಕರಾವಳಿಯಲ್ಲಿ ಈಗ ಡ್ರಗ್ಸ್ ವಿರುದ್ಧದ ಭಾಷಣ, ಅಭಿಯಾನ ಜೋರು. ಗಾಂಜಾ, ಎಂಡಿಎಂಎ ಜಾಲದ ವಿರುದ್ಧ ಕ್ರಮ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆಲ್ಪ್ರಜೋಲಾಮ್, ಕ್ಲೊನಾಜೆಪಾಮ್, ಡಯಾಜೆಪಾಮ್ ಮಾದಕವಸ್ತು ಕಾಯ್ದೆಯ ಮನಃಪ್ರಭಾವಿ ಪಟ್ಟಿಯಲ್ಲೂ ಇವೆ, ಡಾಕ್ಟರ ಚೀಟಿಯಲ್ಲೂ ಇವೆ. ಚೀಟಿ ಇದ್ದು ಸ್ವಂತ ಚಿಕಿತ್ಸೆಗೆ ಇಟ್ಟುಕೊಂಡರೆ ಅದು ಅಪರಾಧ ಅಲ್ಲ. ಬ್ಯಾಗ್ ತಪಾಸಣೆಯಲ್ಲಿ ಮಾತ್ರೆ ಕಂಡ ಕೂಡಲೇ ಅನುಮಾನದಿಂದ ನೋಡಿದರೆ ಮಕ್ಕಳು ಏನು ಮಾಡುತ್ತಾರೆ? ಸ್ಟ್ರಿಪ್ ಬಚ್ಚಿಡುತ್ತಾರೆ, ಚೀಟಿ ಹರಿದು ಹಾಕುತ್ತಾರೆ, ಇಲ್ಲವೇ ಹೆದರಿ ದಿಢೀರ್ ನಿಲ್ಲಿಸುತ್ತಾರೆ. ಮೂರೂ ಅಪಾಯವೇ. ಹಾಗೆಯೇ, ಪರೀಕ್ಷೆ ಹಿಂದಿನ ರಾತ್ರಿ ಗೆಳೆಯನಿಗೆ ‘ಒಂದು ತಗೋ’ ಅಂತ ಕೊಡುವುದು ಉಪಕಾರ ಅಲ್ಲ. ಅದು ಕಾನೂನಿನ ಕಣ್ಣಲ್ಲೂ ತಪ್ಪು, ಅವನ ದೇಹದ ಪಾಲಿಗೂ ಅಪಾಯ.

ಕಾಲೇಜುಗಳ ಜವಾಬ್ದಾರಿ ಈಗ ಐಚ್ಛಿಕ ಅಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2023ರಲ್ಲಿ ದೇಶದಲ್ಲಿ ಆತ್ಮಹತ್ಯೆಯಿಂದ ಸತ್ತ ವಿದ್ಯಾರ್ಥಿಗಳು 13,892. ಸುಖದೇಬ್ ಸಹಾ ಪ್ರಕರಣದಲ್ಲಿ 2025ರ ಜುಲೈ 25ರಂದು ಸುಪ್ರೀಂ ಕೋರ್ಟ್ 15 ಮಾರ್ಗಸೂಚಿ ಕೊಟ್ಟಿತು. 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಕನಿಷ್ಠ ಒಬ್ಬ ಅರ್ಹ ಆಪ್ತಸಮಾಲೋಚಕ, ಮನಃಶಾಸ್ತ್ರಜ್ಞ ಅಥವಾ ಸಮಾಜಕಾರ್ಯಕರ್ತ ಇರಬೇಕು. ಸಿಬ್ಬಂದಿಗೆ ವರ್ಷಕ್ಕೆ ಎರಡು ಸಲ ತರಬೇತಿ ಆಗಬೇಕು. ಸಹಾಯವಾಣಿ ಸಂಖ್ಯೆ ಹಾಸ್ಟೆಲ್‌ನಲ್ಲಿ ದೊಡ್ಡಕ್ಷರದಲ್ಲಿ ಕಾಣಬೇಕು. ಒಳ್ಳೆಯದು. ಆದರೆ ಆಪ್ತಸಮಾಲೋಚಕರು ಮದ್ದು ಬರೆಯುವವರಲ್ಲ. ಮಾತಿಗೆ ಒಬ್ಬರು ಸಿಕ್ಕರು, ಮಾತ್ರೆಯ ಲೆಕ್ಕ ನೋಡುವವರು? ಪ್ರತಿ ಕ್ಯಾಂಪಸ್ಸಿಗೂ ಹತ್ತಿರದ ಮನೋವೈದ್ಯಕೀಯ ವಿಭಾಗದ ಜೊತೆ ಬರಹದ ಒಪ್ಪಂದ, ಹೊಸದಾಗಿ ಮದ್ದು ಶುರು ಮಾಡಿದವರಿಗೆ ಎರಡು ವಾರದೊಳಗೆ ಮರುಭೇಟಿಯ ಖಾತರಿ, ಅದಕ್ಕೆ ಹಾಜರಾತಿ ವಿನಾಯಿತಿ ಬೇಕು. ವಿದ್ಯಾರ್ಥಿ ಸಂಘಟನೆಗಳು ಫೀಸು, ಬಸ್‌ಪಾಸಿನ ಜೊತೆ ಇದನ್ನೂ ಬೇಡಿಕೆ ಪಟ್ಟಿಗೆ ಸೇರಿಸಬೇಕು.

ಮಾತ್ರೆ ಶತ್ರುವಲ್ಲ

ಇಷ್ಟು ಓದಿ ಯಾರಾದರೂ ಇವತ್ತು ರಾತ್ರಿ ಮಾತ್ರೆ ಬಿಸಾಡಿದರೆ ಈ ಬರಹ ಸೋತಂತೆ. ‘ಮಾತ್ರೆ ಎಲ್ಲ ಬೇಡ, ಯೋಗ ಮಾಡು, ಮನಸ್ಸು ಗಟ್ಟಿ ಮಾಡ್ಕೋ’ ಅನ್ನುವ ಬಿಟ್ಟಿ ಸಲಹೆ ಜೋಡಿ ಮಾತ್ರೆಯ ಜಾಹೀರಾತಿನಷ್ಟೇ ಅಪಾಯ. ಈ ಮದ್ದುಗಳಿಂದ ಎದ್ದು ನಿಂತು ಓದು ಮುಗಿಸಿದವರು, ಕೆಲಸ ಮಾಡುತ್ತಿರುವವರು ನಮ್ಮ ನಡುವೆಯೇ ಇದ್ದಾರೆ. ಅವರು ಹೇಳಿಕೊಳ್ಳುವುದಿಲ್ಲ, ಅಷ್ಟೆ.

ಮುಂದಿನ ಭೇಟಿಯಲ್ಲಿ ಡಾಕ್ಟರಿಗೆ ಐದು ಪ್ರಶ್ನೆ ಕೇಳಿ. ಈ ಮಾತ್ರೆಯೊಳಗೆ ಒಂದು ಮದ್ದಿದೆಯೋ ಎರಡೋ? ಆತಂಕದ ಮದ್ದು ಎಷ್ಟು ವಾರ, ಇಳಿಸುವುದು ಯಾವಾಗ, ಹೇಗೆ? ನಾನು ತಗೊಳ್ಳುವ ಬೇರೆಲ್ಲದರ ಜೊತೆ ಇದು ಸರಿಯೇ? ಒಂದು ಡೋಸ್ ತಪ್ಪಿದರೆ ಏನು ಮಾಡಬೇಕು? ಯಾವ ಲಕ್ಷಣ ಕಂಡರೆ ಕೂಡಲೇ ಬರಬೇಕು? ಎಲ್ಲ ಚೀಟಿಗಳ ಫೋಟೊ ಒಂದೇ ಫೋಲ್ಡರಿನಲ್ಲಿ ಇಡಿ, ಪ್ರತಿ ಡಾಕ್ಟರಿಗೂ ಅದನ್ನೇ ತೋರಿಸಿ. ಬ್ರಾಂಡ್ ಹೆಸರಲ್ಲ, ಸ್ಟ್ರಿಪ್ ಹಿಂದೆ ಸಣ್ಣಕ್ಷರದಲ್ಲಿರುವ ಮದ್ದಿನ ಹೆಸರು ಓದಿ.

ಈ ಐದು ಪ್ರಶ್ನೆ ನಾವು ಕೇಳುವುದು ಸರಿ. ಆದರೆ ಕೇಳಲು ಎದುರಿಗೆ ಒಬ್ಬ ಡಾಕ್ಟರು ಕೂತಿರುವಂತೆ ಮಾಡುವುದು ಸರ್ಕಾರದ ಕೆಲಸ. ಹಾಸ್ಟೆಲ್ ರೂಮಿನ ಆ ಹುಡುಗಿ ಮೂರು ಚೀಟಿ ಹರಡಿಕೊಂಡು ಒಬ್ಬಳೇ ಲೆಕ್ಕ ಹಾಕಬೇಕಾಗಿ ಬಂದಿರುವುದು ಅವಳ ತಪ್ಪಲ್ಲ.

ನಿಮಗೋ ಗೆಳೆಯರಿಗೋ ಈಗಲೇ ಮಾತಾಡಬೇಕು ಅನ್ನಿಸಿದರೆ ಟೆಲಿ ಮಾನಸ್ 14416. 2022ರ ಅಕ್ಟೋಬರ್ 10ರಿಂದ ಇದೆ, ಹಗಲು ರಾತ್ರಿ, ಉಚಿತ. ಕನ್ನಡದಲ್ಲೇ ಮಾತಾಡಬಹುದು.